ತೋಟ, ಹಳ್ಳ, ಮೋಟರ್: ಉತ್ತರ ಕನ್ನಡದ ನೀರಾವರಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರು, ಕುಮಟಾ-ಅಂಕೋಲೆಯ ತರಕಾರಿ ಬೆಳೆಗಾರರು, ಮುಂಡಗೋಡ-ಹಳಿಯಾಳದ ಗದ್ದೆಯವರು ಬೇಸಗೆ ಹತ್ತಿರ ಬಂದಾಗ ಕೇಳುವ ಪ್ರಶ್ನೆಗಳಿವು. ಲೆಕ್ಕ ಇರುವಲ್ಲಿ ಲೆಕ್ಕ ಕೊಟ್ಟಿದ್ದೇನೆ. ನನ್ನ ಅಭಿಪ್ರಾಯ ಇರುವಲ್ಲಿ ಅದು ಅಭಿಪ್ರಾಯ ಎಂದು ನಿಮಗೇ ಗೊತ್ತಾಗುತ್ತದೆ.

ಇಷ್ಟೊಂದು ಮಳೆ ಬೀಳುವ ಜಿಲ್ಲೆಯಲ್ಲಿ ನೀರು ಉಳಿಸುವ ಮಾತು ಯಾಕೆ?

ಒಂದು ಚಿಕ್ಕ ಲೆಕ್ಕ ಹಾಕೋಣ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಒಂದು ಎಕರೆ ಅಂದರೆ 4,047 ಚದರ ಮೀಟರ್. ಶಿರಸಿ ಸುತ್ತಮುತ್ತ ವರ್ಷಕ್ಕೆ ಸುಮಾರು 2,500 ಮಿ.ಮೀ. ಮಳೆ ಎಂದಿಟ್ಟುಕೊಂಡರೆ ಒಂದೇ ಎಕರೆ ಮೇಲೆ 1 ಕೋಟಿ ಲೀಟರ್ ನೀರು ಬೀಳುತ್ತದೆ. ಅದೇ ಎಕರೆಯ ಅಡಿಕೆ ತೋಟಕ್ಕೆ ಇಡೀ ಬೇಸಗೆಗೆ ಬೇಕಾಗುವುದು, ಡ್ರಿಪ್‌ನಲ್ಲಿ (ಹನಿ ನೀರಾವರಿ) ಕೊಟ್ಟರೆ, 16-17 ಲಕ್ಷ ಲೀಟರ್. ಬಿದ್ದದ್ದರ ಆರನೇ ಒಂದು ಪಾಲು.

ಹಾಗಿದ್ದೂ ಏಪ್ರಿಲ್‌ನಲ್ಲಿ ಬಾವಿ ತಳ ಕಾಣುತ್ತದೆ. ಯಾಕೆಂದರೆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಂದು ಹೋಗುತ್ತದೆ. ನೆಲ ಇಳಿಜಾರು. ಶಿರಸಿಯಿಂದ ಕುಮಟಾ ಸಮುದ್ರಕ್ಕೆ ರಸ್ತೆಯಲ್ಲೇ ಅರವತ್ತು ಕಿಲೋಮೀಟರ್ ಆಸುಪಾಸು. ಘಟ್ಟ ಇಳಿದ ನೀರು ಹಿಂದಿರುಗಿ ನೋಡುವುದಿಲ್ಲ. ಇದೇ ಜಿಲ್ಲೆಯ ಮುಂಡಗೋಡ, ಹಳಿಯಾಳ ಕಡೆ ಹೋದರೆ ಮಳೆ ಅರ್ಧಕ್ಕಿಂತ ಕಡಿಮೆ. ಅಲ್ಲಿಯ ಕಥೆಯೇ ಬೇರೆ, ಅದಕ್ಕೆ ಮುಂದೆ ಬರುತ್ತೇನೆ.

ಒಂದು ಅಡಿಕೆ ಮರಕ್ಕೆ ನಿಜವಾಗಿ ಎಷ್ಟು ನೀರು ಬೇಕು?

ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ವಿಟ್ಲದ ಕೇಂದ್ರದಲ್ಲಿ ಈ ಕೆಲಸ ಬಹಳ ವರ್ಷ ಮಾಡಿದ್ದಾರೆ. ಬುಡಕ್ಕೆ ನೀರು ಬಿಡುವ ಪದ್ಧತಿಯಾದರೆ ಮರಕ್ಕೆ ಒಂದು ಸಲಕ್ಕೆ 175 ಲೀಟರ್ ಎನ್ನುತ್ತದೆ ಅವರ ಶಿಫಾರಸು. ನವೆಂಬರ್-ಡಿಸೆಂಬರ್‌ನಲ್ಲಿ 7-8 ದಿನಕ್ಕೊಮ್ಮೆ, ಜನವರಿ-ಫೆಬ್ರವರಿಯಲ್ಲಿ 6 ದಿನಕ್ಕೊಮ್ಮೆ, ಮಾರ್ಚ್‌ನಿಂದ ಮೇವರೆಗೆ 3-5 ದಿನಕ್ಕೊಮ್ಮೆ. ಡ್ರಿಪ್ ಆದರೆ ದಿನಕ್ಕೆ 16ರಿಂದ 20 ಲೀಟರ್.

2.7 ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಮರ. ಡ್ರಿಪ್‌ನಲ್ಲಿ ದಿನಕ್ಕೆ 11 ಸಾವಿರ ಲೀಟರ್, 150 ದಿನಕ್ಕೆ 16.5 ಲಕ್ಷ ಲೀಟರ್. ಬುಡಕ್ಕೆ ಬಿಟ್ಟರೆ ಒಂದು ಸುತ್ತಿಗೆ 96 ಸಾವಿರ ಲೀಟರ್, ಮೂವತ್ತು ಸುತ್ತಿಗೆ 29 ಲಕ್ಷ. ಇದು ಅಳತೆ ಇಟ್ಟು ಬಿಟ್ಟವರ ಲೆಕ್ಕ. ಪೈಪ್ ಹಾಕಿ ಚಹಾ ಕುಡಿಯಲು ಮನೆಗೆ ಹೋಗುವವರ ಲೆಕ್ಕ ಇಲ್ಲಿ ಸೇರಿಲ್ಲ.

ಮಣ್ಣು ನೋಡಿ ಈ ಸಂಖ್ಯೆ ಹಿಂದೆ ಮುಂದೆ ಆಗುತ್ತದೆ. ಕಣಿವೆ ತಳದ ಕಪ್ಪು ಮಣ್ಣಿನ ಹಳೇ ತೋಟಕ್ಕೆ ಇಷ್ಟು ಬೇಡವೇ ಬೇಡ. ಗುಡ್ಡದ ಕೆಂಪು ಮಣ್ಣಿನಲ್ಲಿ ಹೊಸದಾಗಿ ಎಬ್ಬಿಸಿದ ತೋಟಕ್ಕೆ ಇದೂ ಸಾಲದು.

ನಾನು ಎಷ್ಟು ಕೊಡುತ್ತಿದ್ದೇನೆ ಅಂತ ಗೊತ್ತಾಗುವುದು ಹೇಗೆ? ಮೀಟರ್ ಇಲ್ಲ.

200 ಲೀಟರಿನ ಒಂದು ಡ್ರಮ್ ಸಾಕು. ಪೈಪಿನ ಕೊನೆಯಲ್ಲಿ ಅದನ್ನಿಟ್ಟು ತುಂಬಲು ಎಷ್ಟು ಸೆಕೆಂಡ್ ಹಿಡಿಯುತ್ತದೆ ನೋಡಿ. ಒಂದು ನಿಮಿಷ ಹಿಡಿದರೆ ನಿಮ್ಮ ಮೋಟರ್ ಗಂಟೆಗೆ 12 ಸಾವಿರ ಲೀಟರ್ ಎತ್ತುತ್ತಿದೆ. ಅಂದರೆ ಒಂದು ಎಕರೆಗೆ ಡ್ರಿಪ್ ಲೆಕ್ಕದ ದಿನದ ನೀರು ಎತ್ತಲು ಒಂದು ಗಂಟೆಯೂ ಪೂರ್ತಿ ಬೇಡ. ಜನವರಿಯಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಒಮ್ಮೆ ಅಳೆಯಿರಿ. ಬಾವಿ ಮಟ್ಟ ಇಳಿದಂತೆ ಮೋಟರ್ ಎತ್ತುವುದೂ ಕಡಿಮೆಯಾಗುತ್ತದೆ.

ಮರಕ್ಕೆ ಸಾಕಾಯ್ತಾ ಎಂದು ತಿಳಿಯಲು ಬುಡದಿಂದ ಎರಡು ಅಡಿ ದೂರದಲ್ಲಿ ಒಂದು ಗೇಣು ಅಗೆದು ಮಣ್ಣು ಹಿಸುಕಿ ನೋಡಿ. ಉಂಡೆ ಕಟ್ಟಿದರೆ ಇವತ್ತು ಮೋಟರ್ ಹಾಕುವ ಕೆಲಸ ಇಲ್ಲ. ಮೇಲಿನ ಮಣ್ಣು ಒಣಗಿ ಬೆಳ್ಳಗಾಗಿದೆ ಎಂದು ನೀರು ಬಿಡುವವರೇ ನಮ್ಮಲ್ಲಿ ಜಾಸ್ತಿ.

ಡ್ರಿಪ್ಪೋ, ಮೈಕ್ರೋ ಸ್ಪ್ರಿಂಕ್ಲರೋ, ದೊಡ್ಡ ಜೆಟ್ಟೋ?

ಅಡಿಕೆ ಒಂದೇ ಇದ್ದರೆ ಡ್ರಿಪ್. ಗಂಟೆಗೆ 4 ಲೀಟರ್ ಬಿಡುವ ಎರಡು ಡ್ರಿಪ್ಪರ್ ಬುಡದ ಎರಡು ಕಡೆ ಇಟ್ಟರೆ ಎರಡೂವರೆ ಗಂಟೆಯಲ್ಲಿ 20 ಲೀಟರ್ ಸೇರುತ್ತದೆ.

ಆದರೆ ಶಿರಸಿ ಸೀಮೆಯಲ್ಲಿ ಅಡಿಕೆ ಒಂದೇ ಇರುವ ತೋಟ ಎಲ್ಲಿದೆ? ಕಾಳುಮೆಣಸು, ಬಾಳೆ, ಏಲಕ್ಕಿ, ಕೋಕೋ ಎಲ್ಲ ಇರುತ್ತವೆ. ಅಂಥ ತೋಟಕ್ಕೆ ಮೈಕ್ರೋ ಸ್ಪ್ರಿಂಕ್ಲರ್ ಹೊಂದುತ್ತದೆ. ಹೊದಿಕೆ ಸೊಪ್ಪು ಒದ್ದೆಯಾಗಿರುತ್ತದೆ, ಬೇಗ ಕೊಳೆತು ಗೊಬ್ಬರವಾಗುತ್ತದೆ, ತೋಟ ತಂಪಾಗಿರುತ್ತದೆ. ನೀರು ಡ್ರಿಪ್‌ಗಿಂತ ಸ್ವಲ್ಪ ಜಾಸ್ತಿ ಹೋಗುತ್ತದೆ, ಅದು ನಿಜ.

ದೊಡ್ಡ ಜೆಟ್ ಬಗ್ಗೆ ನನಗೆ ಒಳ್ಳೆ ಮಾತಿಲ್ಲ. ಅರ್ಧ ನೀರು ಮರದ ಕಾಂಡಕ್ಕೆ ಬಡಿಯುತ್ತದೆ. ಗಾಳಿಯಿದ್ದರೆ ಪಕ್ಕದವರ ತೋಟಕ್ಕೆ ಹೋಗುತ್ತದೆ. ನಡು ಮಧ್ಯಾಹ್ನ ಬಿಸಿಲಿನಲ್ಲಿ ಜೆಟ್ ತಿರುಗಿಸುವುದನ್ನು ನೋಡಿದರೆ ಸಂಕಟವಾಗುತ್ತದೆ. ಇದ್ದವರು ಬೆಳಗಿನ ಜಾವ ಹಾಕಿ.

ಫಿಲ್ಟರ್ ಬಗ್ಗೆ ಒಂದು ಮಾತು. ನಮ್ಮ ಕೆಂಪು ಕಲ್ಲಿನ ಸೀಮೆಯ ನೀರಿನಲ್ಲಿ ಕಬ್ಬಿಣದ ಅಂಶ ಇರುತ್ತದೆ. ತುಕ್ಕಿನ ಬಣ್ಣದ ಲೋಳೆ ಕಟ್ಟಿ ಡ್ರಿಪ್ಪರ್ ಮುಚ್ಚಿಹೋಗುತ್ತದೆ. ಹಳ್ಳ, ಕೆರೆಯ ನೀರಾದರೆ ಪಾಚಿ ಬೇರೆ. ಅದಕ್ಕೆ ಮರಳಿನ ಫಿಲ್ಟರ್ ಬೇಕೇ ಬೇಕು, ಬರೀ ಜಾಲರಿ ಫಿಲ್ಟರ್ ಸಾಲದು. ವಾರಕ್ಕೊಮ್ಮೆ ಪೈಪಿನ ಕೊನೆ ಬಿಚ್ಚಿ ನೀರು ಹರಿಯಬಿಡಿ. ಅಳಿಲು, ಹಂದಿ, ಮಂಗ ಕಚ್ಚಿದ ಪೈಪ್ ಜೋಡಿಸುವುದು ಹೇಗೂ ಇದ್ದದ್ದೇ.

ಡ್ರಿಪ್ ಹಾಕಿದ್ದೇವೆ. ಆದರೂ ಮಾರ್ಚ್‌ಗೇ ನೀರು ಮುಗಿಯುತ್ತಿದೆ. ಯಾಕೆ?

ಈ ಪ್ರಶ್ನೆಗೆ ಉತ್ತರ ಕೇಳಿದವರಿಗೇ ಗೊತ್ತಿರುತ್ತದೆ, ಹೇಳಲು ಮನಸ್ಸಿರುವುದಿಲ್ಲ. ಡ್ರಿಪ್ ಹಾಕುವ ಮೊದಲು ನಿಮ್ಮ ತೋಟ ಎಷ್ಟಿತ್ತು? ಈಗ ಎಷ್ಟಿದೆ?

ಒಂದು ಎಕರೆಗೆ ಸಾಲುತ್ತಿದ್ದ ಹಳ್ಳದ ನೀರು ಡ್ರಿಪ್ ಬಂದ ಮೇಲೆ ಎರಡು ಎಕರೆಗೆ ಸಾಕು ಎನಿಸಿತು. ಕೆಳಗಿನ ಗದ್ದೆಗೂ ಸಸಿ ನೆಟ್ಟಾಯಿತು, ಮೇಲಿನ ಗುಡ್ಡದ ಅಂಚಿಗೂ ನೆಟ್ಟಾಯಿತು. ಸಸಿ ಇರುವಾಗ ನೀರು ಕಡಿಮೆ ಸಾಕು. ಐದಾರು ವರ್ಷಕ್ಕೆ ಅವು ಹಿಂಗಾರ ಬಿಡುತ್ತವೆ, ಪೂರ್ತಿ ನೀರು ಕೇಳುತ್ತವೆ. ಅಲ್ಲಿಗೆ ಮೊದಲು ಖರ್ಚಾಗುತ್ತಿದ್ದಷ್ಟೇ ನೀರು ಮತ್ತೆ ಖರ್ಚು. ಒಂದು ವ್ಯತ್ಯಾಸ ಇದೆ: ಮೊದಲು ಬುಡಕ್ಕೆ ಜಾಸ್ತಿ ಬಿಟ್ಟ ನೀರು ಇಂಗಿ, ಕಾಲುವೆಗೆ ಬಸಿದು, ಕೆಳಗಿನವರ ಹಳ್ಳಕ್ಕೆ ಸೇರುತ್ತಿತ್ತು. ಈಗ ಆ ಬಸಿಯುವ ನೀರೂ ಇಲ್ಲ. ನಿಮ್ಮ ತೋಟದ ಮಟ್ಟಿಗೆ ಉಳಿತಾಯ, ಕಣಿವೆಯ ಮಟ್ಟಿಗೆ ನಷ್ಟ.

ಇದು ಉತ್ತರ ಕನ್ನಡದ ಜಾಣತನ ಮಾತ್ರವಲ್ಲ. ಹನಿ ನೀರಾವರಿ ಬಂದ ಎಷ್ಟೋ ಕಡೆ, ನೀರೆತ್ತುವುದಕ್ಕೆ ಒಂದು ಮಿತಿ ಹಾಕಿಕೊಳ್ಳದಿದ್ದರೆ, ಹೀಗೇ ಆಗಿದೆ. ಹಾಗಾಗಿ ನನ್ನ ಸಲಹೆ ಇಷ್ಟು. ಡ್ರಿಪ್ ಹಾಕುವ ಮೊದಲು ತೋಟದ ಗಡಿ ಎಲ್ಲಿ ಎಂದು ಮನೆಯಲ್ಲಿ ಕೂತು ತೀರ್ಮಾನಿಸಿ. ಉಳಿದ ನೀರು ಹಳ್ಳದಲ್ಲೇ ಇರಲಿ. ಏಪ್ರಿಲ್ ಕೊನೆಯ ವಾರ ಅದು ನಿಮಗೇ ಬೇಕಾಗುತ್ತದೆ. ಹೊಸ ಗಿಡ ನೆಡಲೇಬೇಕೆಂದರೆ ಹಿಂದಿನ ಮೂರು ಬೇಸಗೆಯ ಮೇ ತಿಂಗಳ ನೀರು ನೋಡಿ ನೆಡಿ. ಜನವರಿಯ ನೀರು ನೋಡಿ ನೆಡಬೇಡಿ.

ಹಳ್ಳದ ನೀರು ಮೊದಲು ಯಾರಿಗೆ?

ಹಿಂದೆ ಇದಕ್ಕೆ ಪಾಳಿ ಇತ್ತು. ಇಂಥ ದಿನ ಇಂಥವರ ತೋಟಕ್ಕೆ, ಅಬ್ಬಿಯ ನೀರು ಇಷ್ಟು ಹೊತ್ತು ಈ ಮನೆಗೆ, ಆಮೇಲೆ ಆ ಮನೆಗೆ. ಅಡಿಕೆ ದಬ್ಬೆಯಲ್ಲಿ ಹರಿದು ಬರುವ ನೀರಿನ ದಿಕ್ಕು ತಿರುಗಿಸಿದರೆ ಆಯಿತು. ಮೋಟರ್ ಬಂದ ಮೇಲೆ ಮೇಲಿದ್ದವನೇ ದೊರೆ. ಐದು ಎಚ್‌ಪಿ ಇದ್ದವನಿಗೆ ಐದು, ಹತ್ತಿದ್ದವನಿಗೆ ಹತ್ತು.

ಇದರ ಕೊನೆ ಎಲ್ಲಿ ಮುಟ್ಟುತ್ತದೆ ನೋಡಿ. ಶಿರಸಿ ಪೇಟೆ ಕುಡಿಯುವುದು ಕೆಂಗ್ರೆ ಮತ್ತು ಮಾರಿಗದ್ದೆಯಿಂದ ಬರುವ ನೀರು. ಕುಮಟಾ-ಹೊನ್ನಾವರಕ್ಕೆ ಅಘನಾಶಿನಿ ನದಿಯ ಮರಾಕಲ್ ಎಂಬಲ್ಲಿಯ ನೀರು. ಕಾರವಾರ-ಅಂಕೋಲೆಗೆ ಗಂಗಾವಳಿ. ಗಂಗಾವಳಿ ಅಂದರೆ ಘಟ್ಟದ ಮೇಲಿನ ಬೇಡ್ತಿಯೇ. ಮೇಲೆ ನೂರಾರು ಮೋಟರ್ ಒಟ್ಟಿಗೆ ತಿರುಗಿದರೆ ಮೇ ತಿಂಗಳಲ್ಲಿ ಕಾರವಾರದ ನಲ್ಲಿ ಸೊರಗುತ್ತದೆ. ಅಘನಾಶಿನಿಗೆ ಒಂದೂ ದೊಡ್ಡ ಅಣೆಕಟ್ಟಿಲ್ಲ ಎಂದು ನಾವು ಹೆಮ್ಮೆಪಡುತ್ತೇವೆ. ಸರಿಯೇ. ಆದರೆ ಅಣೆಕಟ್ಟಿಲ್ಲದ ನದಿಯಲ್ಲಿ ಬೇಸಗೆಗೆ ಕೂಡಿಟ್ಟ ನೀರೂ ಇರುವುದಿಲ್ಲ. ಗುಡ್ಡದಿಂದ ಒಸರಿದ್ದೇ ನೀರು.

ಪಾಳಿಯನ್ನು ಮತ್ತೆ ತರುವುದು ಕಷ್ಟದ ಮಾತೇನಲ್ಲ. ಒಂದು ಹಳ್ಳಕ್ಕೆ ಹತ್ತಿಪ್ಪತ್ತು ಮನೆ ಇರುತ್ತವೆ. ಮಾರ್ಚ್‌ನಿಂದ ದಿನ ಬಿಟ್ಟು ದಿನ ಮೋಟರ್, ಮೇಲಿನವರಿಗೆ ಬೆಸ ದಿನ, ಕೆಳಗಿನವರಿಗೆ ಸರಿ ದಿನ. ಅಡಿಕೆ ಮರ ಒಂದು ದಿನ ಕಾಯುತ್ತದೆ. ಜಗಳ ಕಾಯುವುದಿಲ್ಲ.

ಹಳ್ಳಕ್ಕೆ ಒಡ್ಡು ಯಾವಾಗ ಕಟ್ಟಬೇಕು?

ಹರಿವು ಇನ್ನೂ ಇರುವಾಗ. ನವೆಂಬರ್ ಆಸುಪಾಸು. ಜನವರಿಯಲ್ಲಿ ಕಟ್ಟಿದರೆ ನಿಲ್ಲಲು ನೀರು ಎಲ್ಲಿದೆ? ಕಲ್ಲು, ಮಣ್ಣು, ಮರಳು ತುಂಬಿದ ಚೀಲ ಸಾಕು. ಎರಡು-ಮೂರು ಅಡಿ ಎತ್ತರದ ಚಿಕ್ಕ ಒಡ್ಡುಗಳು ಸಾಲಾಗಿ ಇದ್ದರೆ ಒಂದು ದೊಡ್ಡದಕ್ಕಿಂತ ಮೇಲು. ದಡದ ಬಾವಿಗಳ ಮಟ್ಟ ನಿಲ್ಲುತ್ತದೆ, ನೀರು ತುಂಬಿದ ಮೇಲೆ ಮೇಲಿಂದ ಹರಿದು ಕೆಳಗಿನವರಿಗೂ ಹೋಗುತ್ತದೆ.

ಕಿಂಡಿ ಅಣೆಕಟ್ಟಿದ್ದರೆ ಹಲಗೆ ಹಾಕುವವರು ಯಾರು, ತೆಗೆಯುವವರು ಯಾರು ಎಂದು ಮೊದಲೇ ಗೊತ್ತಾಗಲಿ. ಹಲಗೆ ಕಳೆದುಹೋಗಿ ಬರೀ ಕಂಬ ನಿಂತ ಕಿಂಡಿ ಅಣೆಕಟ್ಟುಗಳನ್ನು ಎಷ್ಟು ನೋಡಿಲ್ಲ! ಮೇ ಕೊನೆಯೊಳಗೆ ಹಲಗೆ ತೆಗೆಯಲೇಬೇಕು. ಇಲ್ಲದಿದ್ದರೆ ಮೊದಲ ಮಳೆಯ ನೀರು ಪಕ್ಕದ ತೋಟ ಕೊರೆದುಕೊಂಡು ಹೋಗುತ್ತದೆ.

ಎಲ್ಲ ಕಡೆ ಇಂಗುಗುಂಡಿ ತೋಡಬಹುದಾ?

ಇಲ್ಲ. ಈ ವಿಷಯದಲ್ಲಿ ಬಯಲುಸೀಮೆಯ ಸಲಹೆಯನ್ನು ಹಾಗೇ ತಂದು ಇಲ್ಲಿ ಹಾಕುವುದು ಅಪಾಯ.

ನಮ್ಮ ಗುಡ್ಡಗಳ ಮೇಲೆ ಜಂಬಿಟ್ಟಿಗೆ ಕಲ್ಲಿನ ಪದರ, ಅದರ ಕೆಳಗೆ ಜೇಡಿಯಂಥ ನುಣುಪು ಶೇಡಿ ಮಣ್ಣು, ಅದರ ಕೆಳಗೆ ಗಟ್ಟಿ ಬಂಡೆ. ಜಂಬಿಟ್ಟಿಗೆ ತೂತು ತೂತಾಗಿರುತ್ತದೆ, ನೀರು ಸರಾಗವಾಗಿ ಇಳಿಯುತ್ತದೆ. ಶೇಡಿಯಲ್ಲಿ ಇಳಿಯುವುದಿಲ್ಲ. ನೀರು ಅಲ್ಲಿ ನಿಂತರೆ ಶೇಡಿ ಜಾರುತ್ತದೆ, ಮೇಲಿನ ಗುಡ್ಡ ಅದರ ಜೊತೆ ಬರುತ್ತದೆ. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟಗಳೇ ಹೋದವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಬಂದದ್ದು ಎಲ್ಲರಿಗೂ ನೆನಪಿದೆ. ಅವು ಇಂಗುಗುಂಡಿಯಿಂದ ಆದವು ಎಂದು ನಾನು ಹೇಳುತ್ತಿಲ್ಲ. ಕಡಿದಾದ ಇಳಿಜಾರಿನ ಹೊಟ್ಟೆಗೆ ನೀರು ತುಂಬಿದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಅವು.

ಹಾಗಾದರೆ ಎಲ್ಲಿ ಮಾಡಬಹುದು? ಗುಡ್ಡದ ನೆತ್ತಿಯಲ್ಲಿ ಸಮತಟ್ಟು ಜಾಗ ಇದ್ದರೆ, ತೋಟದ ಮೇಲ್ಭಾಗದ ಸಣ್ಣ ಇಳಿಜಾರಿನಲ್ಲಿ, ಮನೆಯ ಮಾಡಿನ ನೀರಿಗೆ ಬಾವಿಯ ಹತ್ತಿರ. ಮನೆಯ ಹಿಂದೆ ದರೆ ಕಡಿದಿದ್ದರೆ ಅದರ ಮೇಲೆ ಗುಂಡಿ ಬೇಡವೇ ಬೇಡ. ಗುಡ್ಡದಲ್ಲಿ ಬಿರುಕು ಕಂಡರೆ, ಮರ ವಾಲಿದ್ದು ಕಂಡರೆ ನೀರು ಇಂಗಿಸುವ ಯೋಚನೆ ಬಿಟ್ಟು ನೀರು ಹೊರಗೆ ಹರಿಸುವ ಕಾಲುವೆ ಮಾಡಿ.

ಬೆಟ್ಟಕ್ಕೂ ತೋಟದ ನೀರಿಗೂ ಏನು ಸಂಬಂಧ?

ಪೂರ್ತಿ ಸಂಬಂಧ. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನಬೆಟ್ಟ ಕೊಟ್ಟ ಪದ್ಧತಿ ಬ್ರಿಟಿಷರ ಕಾಲದ್ದು. ಸೊಪ್ಪು, ದರಕು (ಉದುರಿದ ಒಣ ಎಲೆ), ಸೌದೆಗೆ ಎಂದು ಕೊಟ್ಟದ್ದು. ಕೊಟ್ಟವರು ಲೆಕ್ಕ ಹಾಕದ ಒಂದು ಲಾಭ ಅದರಲ್ಲಿತ್ತು. ತೋಟದ ಮೇಲಿನ ಒರತೆ ಕಾಯುವುದು ಅದೇ ಬೆಟ್ಟ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ನಮ್ಮ ಜಿಲ್ಲೆಯ ಹಳ್ಳಗಳನ್ನು ಅಳೆದು ನೋಡಿದ್ದಾರೆ. ಊರಿನ ಸಹಜ ಕಾಡು ಉಳಿದ ಕಡೆ ಹಳ್ಳ ವರ್ಷವಿಡೀ ಹರಿಯುತ್ತದೆ. ಅಕೇಶಿಯಾದಂಥ ಒಂದೇ ಜಾತಿಯ ನೆಡುತೋಪು ಇರುವ ಕಡೆ, ಕಾಡು ಬೋಳಾದ ಕಡೆ ಮಳೆಗಾಲ ಮುಗಿದು ಕೆಲವೇ ತಿಂಗಳಿಗೆ ಬತ್ತುತ್ತದೆ. ಬೆಟ್ಟದಲ್ಲಿ ಹೊನ್ನೆ, ಮತ್ತಿ, ನೇರಳೆ, ಹಲಸು ಬೆಳೆಯಲು ಬಿಡಿ. ಸೊಪ್ಪು ಕಡಿಯುವಾಗ ತುದಿ ಉಳಿಸಿ. ಎಲ್ಲ ದರಕನ್ನೂ ಗುಡಿಸಿ ತರಬೇಡಿ. ನೆಲ ಬೋಳಾದರೆ ಮಳೆ ಹನಿ ಮಣ್ಣು ಕಲಕಿ ಇಂಗುವ ತೂತುಗಳನ್ನು ಮುಚ್ಚುತ್ತದೆ.

ಬೆಟ್ಟಕ್ಕೆ ಬೆಂಕಿ ಬಿದ್ದರೆ ಇದೆಲ್ಲ ಒಂದೇ ದಿನದ ಮಾತು. ಬೆಂಕಿ ಪಟ್ಟಿ ಜನವರಿಯಲ್ಲೇ ಕಡಿಯಿರಿ.

ಹೊದಿಕೆಯಿಂದ ನಿಜವಾಗಿ ನೀರು ಉಳಿಯುತ್ತದಾ?

ಖಂಡಿತ. ದರಕು, ಅಡಿಕೆ ಸೋಗೆ, ಬಾಳೆ ಎಲೆ, ಸುಲಿದ ಅಡಿಕೆ ಸಿಪ್ಪೆ, ಏನಾದರೂ ಆದೀತು. ನಾಲ್ಕು ಬೆರಳು ದಪ್ಪ ಇರಲಿ. ಡಿಸೆಂಬರ್‌ನಲ್ಲಿ ಮಣ್ಣಿನ ಪಸೆ ಆರುವ ಮೊದಲೇ ಹಾಕಿ. ಸೋಗೆಯನ್ನು ರಾಶಿ ಹಾಕಿ ಸುಡುವುದನ್ನು ಬಿಡಿ, ಕತ್ತರಿಸಿ ಹಾಸಿ. ಎಲ್ಲ ಖರ್ಚಿಗಿಂತ ಕಡಿಮೆ ಖರ್ಚಿನ ನೀರಾವರಿ ಇದು.

ನೀರಾವರಿ ಪುಟದಲ್ಲಿ ಬಸಿಗಾಲುವೆ ಯಾಕೆ?

ಅಡಿಕೆ ಬೇರು ನೀರು ಕುಡಿಯುತ್ತದೆ, ನೀರಿನಲ್ಲಿ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಬೇರು ಕೊಳೆತ ಮರ ಏಪ್ರಿಲ್‌ನಲ್ಲಿ ಪಕ್ಕದಲ್ಲೇ ನೀರಿದ್ದರೂ ಸೊರಗುತ್ತದೆ. ಆಗ ನಾವು ನೀರು ಸಾಲಲಿಲ್ಲ ಎಂದು ಇನ್ನಷ್ಟು ಬಿಡುತ್ತೇವೆ! ಕಾದಿಗೆ, ಅಂದರೆ ಬಸಿಗಾಲುವೆ, ಬೇರಿನ ಮಟ್ಟಕ್ಕಿಂತ ಆಳ ಇರಲಿ. ಮೇ ತಿಂಗಳಲ್ಲಿ ಹೂಳು ತೆಗೆಯಿರಿ. ಡಿಸೆಂಬರ್ ಬಂದ ಮೇಲೆ ಅದೇ ಕಾದಿಗೆಗೆ ಅಲ್ಲಲ್ಲಿ ಮಣ್ಣಿನ ಅಡ್ಡಕಟ್ಟೆ ಹಾಕಿದರೆ ಬಸಿದ ನೀರು ತೋಟದಲ್ಲೇ ನಿಂತು ಇಂಗುತ್ತದೆ. ಹಳೇ ತೋಟಿಗರು ಹೀಗೆ ಮಾಡುತ್ತಿದ್ದರು.

ಬಾವಿ ಬತ್ತಿದೆ. ಬೋರ್ ಹೊಡೆಸಲಾ?

ಸ್ವಲ್ಪ ತಡೆಯಿರಿ. ತೆರೆದ ಬಾವಿಯ ನೀರು ಈ ವರ್ಷದ ಮಳೆಯದು. ಬೇಗ ತುಂಬುತ್ತದೆ, ಬೇಗ ಇಳಿಯುತ್ತದೆ. ಬೋರ್ ನೀರು ಬಂಡೆಯ ಬಿರುಕಿನಲ್ಲಿ ಕೂತದ್ದು. ಬಿರುಕು ಸಿಕ್ಕರೆ ಅದೃಷ್ಟ, ಇಲ್ಲವಾದರೆ ಧೂಳು. ಸಿಕ್ಕ ಬಿರುಕು ನಿಮ್ಮದೇ ಬಾವಿಯ ಅಥವಾ ಮೇಲಿನ ಒರತೆಯ ನೀರನ್ನೇ ಎಳೆಯುತ್ತಿರಬಹುದು. ಬಾವಿಯ ಹೂಳು ತೆಗೆಸಿ, ಮಾಡಿನ ನೀರು ಸೋಸಿ ಬಿಟ್ಟು, ಹಳ್ಳಕ್ಕೆ ಒಡ್ಡು ಹಾಕಿ ಎರಡು ಬೇಸಗೆ ನೋಡಿ. ಆಮೇಲೂ ಸಾಲದಿದ್ದರೆ ಬೋರ್ ಮಾತು.

ಪ್ಲಾಸ್ಟಿಕ್ ಹಾಸಿದ ಹೊಂಡ ಮಾಡಿದರೆ ಹೇಗೆ?

ಮಳೆನೀರು ತುಂಬಿಸುವುದಾದರೆ ಒಳ್ಳೆಯದು. ಬೋರ್ ನೀರೆತ್ತಿ ತುಂಬಿಸುವುದಾದರೆ ಅದು ನೀರು ಕೊಯ್ಲಲ್ಲ, ನೆಲದಡಿ ತಂಪಾಗಿದ್ದ ನೀರನ್ನು ಬಿಸಿಲಿಗೆ ಇಟ್ಟದ್ದು ಅಷ್ಟೇ. ಬೇಸಗೆಯಲ್ಲಿ ತೆರೆದ ಹೊಂಡದಿಂದ ದಿನಕ್ಕೆ 4-5 ಮಿ.ಮೀ. ಆವಿಯಾದರೂ ಐದು ತಿಂಗಳಿಗೆ ಎರಡು ಅಡಿ ಹೋಗುತ್ತದೆ. ಹೊಂಡಕ್ಕೆ ಬೇಲಿ ಹಾಕಿ, ಒಂದು ಹಗ್ಗವನ್ನೋ ಏಣಿಯನ್ನೋ ಇಳಿಬಿಡಿ. ಪ್ಲಾಸ್ಟಿಕ್ ಮೇಲೆ ಕಾಲು ನಿಲ್ಲುವುದಿಲ್ಲ. ಮಕ್ಕಳಿಗೂ ದನಕ್ಕೂ ಅದು ಅಪಾಯ.

ಕಾಳುಮೆಣಸಿಗೂ ಅಡಿಕೆಗೂ ಒಂದೇ ನೀರು ಕೊಡಬಹುದಾ?

ಇಲ್ಲೊಂದು ತಕರಾರಿದೆ. ಮೆಣಸಿನ ಬಳ್ಳಿಗೆ ಮಾರ್ಚ್ ಕೊನೆವರೆಗೆ ಹಿತಮಿತವಾಗಿ ನೀರು ಕೊಟ್ಟು, ಆಮೇಲೆ ಮಳೆ ಶುರುವಾಗುವ ತನಕ ಒಣಗಲು ಬಿಟ್ಟರೆ ಕರೆ (ಹೂವಿನ ತೆನೆ) ಒಟ್ಟಿಗೆ ಚೆನ್ನಾಗಿ ಬರುತ್ತದೆ. ಅದೇ ಏಪ್ರಿಲ್-ಮೇಯಲ್ಲಿ ಅಡಿಕೆಗೆ ನೀರು ತಪ್ಪಿದರೆ ಹರಳು (ಎಳೆ ಕಾಯಿ) ಉದುರುತ್ತದೆ. ಡ್ರಿಪ್ ಇದ್ದವರು ಡ್ರಿಪ್ಪರನ್ನು ಬಳ್ಳಿಯ ಬುಡದಿಂದ ದೂರಕ್ಕೆ, ಮರದ ಆಚೆ ಬದಿಗೆ ಸರಿಸಿ. ಸ್ಪ್ರಿಂಕ್ಲರ್ ತೋಟದಲ್ಲಿ ಈ ಉಪಾಯ ನಡೆಯುವುದಿಲ್ಲ. ಒಂದು ಮಾತು ಮಾತ್ರ ಖಚಿತ: ಸೊರಗು ರೋಗ ಬಂದ ಬಳ್ಳಿಯ ಬುಡದಿಂದ ನೀರು ಹರಿದು ಇನ್ನೊಂದು ಬಳ್ಳಿಗೆ ಹೋಗುವಂತೆ ಬಿಡಬೇಡಿ. ರೋಗ ನೀರಿನ ಜೊತೆಗೇ ನಡೆಯುತ್ತದೆ.

ಬನವಾಸಿ ಕಡೆ ಗದ್ದೆಗೆ ಅಡಿಕೆ ಹಾಕುತ್ತಿದ್ದಾರೆ. ನೀರಿನ ದೃಷ್ಟಿಯಿಂದ ಸರಿಯಾ?

ಮಳೆಗಾಲದ ಭತ್ತ ಮಳೆಯ ನೀರನ್ನೇ ನಿಲ್ಲಿಸಿಕೊಂಡು ಬೆಳೆಯುತ್ತದೆ, ಒಂದಷ್ಟು ಇಂಗಿಸುತ್ತದೆ, ಬೇಸಗೆಯಲ್ಲಿ ಏನೂ ಕೇಳುವುದಿಲ್ಲ. ಅಡಿಕೆ ಮಳೆಗಾಲದ ನೀರನ್ನು ಹೊರಗೆ ಕಳಿಸು ಎನ್ನುತ್ತದೆ, ಬೇಸಗೆಯಲ್ಲಿ ಕೊಡು ಎನ್ನುತ್ತದೆ. ಎರಡೂ ಕಡೆಯಿಂದ ಹೊಡೆತ. ಭತ್ತದಲ್ಲಿ ಕೂಲಿಯೂ ಹುಟ್ಟುವುದಿಲ್ಲ ಎಂಬ ರೈತರ ಮಾತು ಸುಳ್ಳಲ್ಲ, ಅವರನ್ನು ದೂರಿ ಪ್ರಯೋಜನವಿಲ್ಲ. ಆದರೆ ವರದಾ ದಡದಲ್ಲಿ ಎಲ್ಲರೂ ತೋಟ ಮಾಡಿದರೆ ವರದೆಯಲ್ಲಿ ಅಷ್ಟು ಬೇಸಗೆ ನೀರಿಲ್ಲ. ಎಕರೆಗೆ ಎಷ್ಟು ಹಣ ಬಂತು ಎನ್ನುವ ಜೊತೆಗೆ ಸಾವಿರ ಲೀಟರ್ ಬೇಸಗೆ ನೀರಿಗೆ ಎಷ್ಟು ಬಂತು ಎಂದೂ ಲೆಕ್ಕ ಹಾಕಿ ನೋಡಿ. ಗದ್ದೆ ಕೊಯ್ಲಿನ ಮೇಲೆ ಉಳಿದ ಪಸೆಯಲ್ಲೇ ಬರುವ ಉದ್ದು, ಹೆಸರು ಆ ಲೆಕ್ಕದಲ್ಲಿ ಮರ್ಯಾದೆಯ ಜಾಗ ಪಡೆಯುತ್ತವೆ.

ಮುಂಡಗೋಡ, ಹಳಿಯಾಳದವರಿಗೆ ಏನು ಹೇಳುತ್ತೀರಿ?

ಅಲ್ಲಿ ಕೆರೆಯೇ ದೇವರು. ಮುಂಡಗೋಡ ತಾಲೂಕಿನ ಧರ್ಮಾ ಜಲಾಶಯದ ನೀರು ಹಾನಗಲ್ ಕಡೆಯ ಹೊಲಗಳಿಗೆ ಹೋಗುತ್ತದೆ, ಅದನ್ನು ನೋಡುತ್ತಾ ಕೂತರೆ ಆಗದು. ಊರಿನ ಕೆರೆಯ ಹೂಳು, ಕೆರೆಗೆ ನೀರು ತರುವ ಕಾಲುವೆ, ಇವೆರಡು ಸರಿಯಿದ್ದರೆ ಅರ್ಧ ಕೆಲಸ ಆಯಿತು.

ಬೇಸಗೆ ಭತ್ತ ಬೆಳೆಯುವವರು ಗದ್ದೆಯಲ್ಲಿ ಸದಾ ನೀರು ನಿಲ್ಲಿಸುವ ಅಗತ್ಯವಿಲ್ಲ. ಒಂದು ಅಡಿ ಉದ್ದದ ಪೈಪಿಗೆ ಸುತ್ತ ತೂತು ಮಾಡಿ ಅರ್ಧಕ್ಕಿಂತ ಜಾಸ್ತಿ ಹೂಳಿ. ಒಳಗಿನ ಮಣ್ಣು ತೆಗೆದರೆ ನೆಲದಡಿಯ ನೀರಿನ ಮಟ್ಟ ಕಾಣುತ್ತದೆ. ನೆಲಮಟ್ಟದಿಂದ 15 ಸೆಂ.ಮೀ. ಕೆಳಗೆ ಇಳಿದಾಗ ಮಾತ್ರ ನೀರು ಕಟ್ಟಿ. ನಾಟಿಯಾದ ಹೊಸತರಲ್ಲಿ ಮತ್ತು ಹೂ ಬಿಡುವ ಹೊತ್ತಿನಲ್ಲಿ ಮಾತ್ರ ನೀರು ನಿಂತಿರಲಿ. ಫಿಲಿಪೈನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಹರಡಿದ ಪದ್ಧತಿ ಇದು. ಇಳುವರಿ ಕಡಿಮೆಯಾಗದೆ ಕಾಲುಭಾಗದಷ್ಟು ನೀರು ಉಳಿಯುತ್ತದೆ. ಕಬ್ಬಿನವರು ರವದಿ (ಒಣಗಿದ ಕಬ್ಬಿನ ಎಲೆ) ಸುಡಬೇಡಿ, ಸಾಲಿನ ನಡುವೆ ಹಾಸಿ.

ಕರಾವಳಿಯಲ್ಲಿ ಬಾವಿ ನೀರು ಮಾರ್ಚ್‌ಗೆ ಉಪ್ಪಾಗುತ್ತದೆ. ಏನು ಮಾಡುವುದು?

ಸಮುದ್ರದ ಹತ್ತಿರ ನೆಲದಡಿಯ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಿಹಿನೀರಿನ ಮಟ್ಟ ಒಂದು ಅಡಿ ಕುಸಿದರೆ ತಳದ ಉಪ್ಪಿನ ಗಡಿ ಸುಮಾರು 40 ಅಡಿ ಏರುತ್ತದೆ ಎನ್ನುತ್ತದೆ ಭೂವಿಜ್ಞಾನದ ಲೆಕ್ಕ. ಅಂದರೆ ದೊಡ್ಡ ಮೋಟರ್ ಹಾಕಿ ಒಮ್ಮೆಲೇ ಎಳೆದಷ್ಟೂ ಉಪ್ಪನ್ನು ನೀವೇ ಕರೆದ ಹಾಗೆ. ಚಿಕ್ಕ ಮೋಟರ್, ಸ್ವಲ್ಪ ಹೊತ್ತು, ಮತ್ತೆ ಬಿಡುವು. ಬಾವಿ ಆಳ ಮಾಡುವುದು ತೀರಾ ತಪ್ಪು ಮದ್ದು.

ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಪೆನ್ ಪೇಟೆಯಲ್ಲಿ ಸಿಗುತ್ತದೆ, ತೆಗೆದುಕೊಳ್ಳಿ. 450ಕ್ಕಿಂತ ಕಡಿಮೆ ತೋರಿಸಿದರೆ ಯಾವ ಬೆಳೆಗೂ ಚಿಂತೆಯಿಲ್ಲ. 2,000 ದಾಟಿದರೆ ತರಕಾರಿಗೆ ಹಾಕಬೇಡಿ. ನಡುವೆ ಇದ್ದರೆ ಬೆಳೆ ನೋಡಿ ನಿರ್ಧರಿಸಿ: ತೆಂಗು ತಡೆಯುತ್ತದೆ, ಈರುಳ್ಳಿ ತಡೆಯುವುದಿಲ್ಲ. ಹೆದ್ದಾರಿ ಬದಿ ಗೊಂಚಲು ಕಟ್ಟಿ ಮಾರುವ ಕುಮಟಾದ ಸಿಹಿ ಈರುಳ್ಳಿ ಬೆಳೆಯುವವರು ಇದನ್ನು ಬೇರೆಯವರಿಗಿಂತ ಚೆನ್ನಾಗಿ ಬಲ್ಲರು.

ಮರಳು ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ. ಒಂದೇ ಸಲ ಕೊಡ ಸುರಿಯುವ ಬದಲು ಸ್ವಲ್ಪ ಸ್ವಲ್ಪ, ಪದೇ ಪದೇ ಕೊಡಿ. ತೆಂಗಿನ ಬುಡದ ಸುತ್ತ ಕಾಲುವೆ ತೋಡಿ ಕಾಯಿ ಸಿಪ್ಪೆ ಹೂಳಿ. ಐದಾರು ವರ್ಷ ಅದು ನೀರು ಹಿಡಿದಿಡುತ್ತದೆ.

ಗಜನಿಗೆ (ಅಳಿವೆ ಬದಿಯ ತಗ್ಗು ಗದ್ದೆಗೆ) ಉಪ್ಪುನೀರು ಬರದ ಹಾಗೆ ಪೂರ್ತಿ ಕಟ್ಟಿದರೆ ಎರಡು ಬೆಳೆ ಬರುವುದಿಲ್ವಾ?

ಬರಬಹುದು. ಆದರೆ ಅಘನಾಶಿನಿ ಅಳಿವೆಯ ಗಜನಿಯಲ್ಲಿ ಕಗ್ಗ ಭತ್ತ ಮಳೆ ನೀರಲ್ಲಿ ಬೆಳೆಯುತ್ತದೆ, ಉಪ್ಪು ತಡೆಯುತ್ತದೆ, ನೆರೆಗೂ ಬಗ್ಗುವುದಿಲ್ಲ, ಗೊಬ್ಬರ ಕೇಳುವುದಿಲ್ಲ. ಕೊಯ್ಲಾದ ಮೇಲೆ ಅದೇ ಜಾಗದಲ್ಲಿ ಮೀನು, ಸಿಗಡಿ. ಬೇಸಗೆ ನೀರಾವರಿ ಸೊನ್ನೆ. ಇಷ್ಟು ಕಡಿಮೆ ನೀರಿನಲ್ಲಿ ಅನ್ನ ಮತ್ತು ಮೀನು ಎರಡನ್ನೂ ಕೊಡುವ ಪದ್ಧತಿ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಒಡ್ಡು ಮತ್ತು ಬಾಗಿಲು ದುರಸ್ತಿಗೆ ಹಣ ಹಾಕಿ, ಗಜನಿಯನ್ನು ಒಣಗಿಸಲು ಬೇಡ.

ಸಹಾಯಧನ ಎಷ್ಟು ಸಿಗುತ್ತದೆ?

ಹನಿ ಮತ್ತು ತುಂತುರು ನೀರಾವರಿಗೆ ಕೇಂದ್ರದ ಯೋಜನೆಯಲ್ಲಿ ಸಣ್ಣ ಮತ್ತು ಅತಿ ಸಣ್ಣ ರೈತರಿಗೆ ಘಟಕ ವೆಚ್ಚದ ಶೇ 55, ಉಳಿದವರಿಗೆ ಶೇ 45. ರಾಜ್ಯ ಸರ್ಕಾರ ಇದರ ಮೇಲೆ ಸೇರಿಸುತ್ತದೆ. ಆ ವರ್ಷದ ದರ ತೋಟಗಾರಿಕೆ ಇಲಾಖೆಯಲ್ಲಿ ಕೇಳಿ. ಮಣ್ಣು, ನೀರಿನ ಪರೀಕ್ಷೆ ಮತ್ತು ಸಲಹೆಗೆ ಶಿರಸಿಯ ಕೃಷಿ ವಿಜ್ಞಾನ ಕೇಂದ್ರ ಇದೆ.

ಕರೆಂಟು ಪುಕ್ಕಟೆ ಅಲ್ವಾ, ಮೋಟರ್ ಹೆಚ್ಚು ಹೊತ್ತು ತಿರುಗಿದರೆ ನಷ್ಟ ಏನು?

10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಬಿಲ್ ಇಲ್ಲ, ನಿಜ. ಅದಕ್ಕೇ ಆಟೋ ಸ್ಟಾರ್ಟರ್ ಹಾಕಿ ಮಲಗುವ ಅಭ್ಯಾಸ ಬೆಳೆದಿದೆ. ಕರೆಂಟು ಬಂದಾಗಲೆಲ್ಲ ಮೋಟರ್ ಸುಮ್ನೆ ತಿರುಗುತ್ತದೆ. ಒಂದು ಟೈಮರ್ ಹಾಕಿಸಿ. ಬಾವಿ ಖಾಲಿಯಾದರೆ ಮೋಟರ್ ಸುಡುತ್ತದೆ, ಅದರ ಬಿಲ್ ಪುಕ್ಕಟೆ ಅಲ್ಲ.

ಏಪ್ರಿಲ್‌ನಲ್ಲಿ ಒಂದು ಮಳೆ ಬಂದರೆ ಎಷ್ಟು ದಿನ ನೀರು ನಿಲ್ಲಿಸಬಹುದು?

2.7 ಮೀಟರ್ ಅಂತರದಲ್ಲಿ ಒಂದು ಮರದ ಪಾಲಿಗೆ ಸುಮಾರು 7.3 ಚದರ ಮೀಟರ್ ನೆಲ. 20 ಮಿ.ಮೀ. ಮಳೆ ಬಂದರೆ ಮರಕ್ಕೆ 146 ಲೀಟರ್. ಸೋಗೆಗೆ ತಾಗಿ ಆರಿದ್ದು, ಹೊದಿಕೆ ಹೀರಿದ್ದು ಕಳೆದರೂ ನಾಲ್ಕೈದು ದಿನ ಮೋಟರ್ ಮುಟ್ಟುವ ಕೆಲಸವಿಲ್ಲ. 5 ಮಿ.ಮೀ. ಬಂದರೆ ಧೂಳು ಅಡಗಿತು ಅಷ್ಟೇ, ಮರುದಿನ ಎಂದಿನಂತೆ ನೀರು ಬಿಡಿ. ಅಳೆಯಲು ಮಳೆಮಾಪಕ ಬೇಕಿಲ್ಲ. ಬಾಯಿ, ತಳ ಒಂದೇ ಅಗಲ ಇರುವ ಡಬ್ಬಿಯನ್ನು ಅಂಗಳದ ನಡುವೆ ಇಟ್ಟು, ಬೆಳಗ್ಗೆ ಸ್ಕೇಲ್ ಇಳಿಸಿ ನೋಡಿ. ಮರದ ಕೆಳಗೆ ಇಡಬೇಡಿ.